ಜ್ವರ ಬಿಟ್ಟ ದಿನ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು ಅರವತ್ತು ಕಿಲೋಮೀಟರು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು, ಇವೆಲ್ಲ ಈ ದಾರಿಯಲ್ಲೇ ಸಿಗುತ್ತವೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ತುಂಗೆ ಆಗಾಗ ಮರಗಳ ಸಂದಿಯಿಂದ ಇಣುಕುತ್ತಾಳೆ. ಮಳೆ ನಿಂತ ಮೇಲಿನ ದಿನಗಳಲ್ಲಂತೂ ರಸ್ತೆಯ ಪ್ರತಿಯೊಂದು ತಿರುವಿನಲ್ಲೂ ಒಂದು ಹಳ್ಳ, ಹಳ್ಳದ ತಳದ ಕಲ್ಲು ಎಣಿಸಬಹುದಾದಷ್ಟು ತಿಳಿನೀರು.

ಈ ದಾರಿಯನ್ನು ಹೊಗಳಿ ಬರೆದವರು ಬಹಳ ಮಂದಿ. ಆದರೆ ಮೂರು ತಲೆಮಾರಿನ ಹಿಂದೆ ಬಯಲುಸೀಮೆಯ ತಂದೆತಾಯಿಗಳು ಇದರ ಆಚೆಯ ಊರುಗಳಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಸರ್ಕಾರಿ ನೌಕರನಿಗೆ ಮಲೆನಾಡಿಗೆ ವರ್ಗವಾಯಿತೆಂದರೆ ಮನೆಮಂದಿಯ ಮುಖ ಬಾಡುತ್ತಿತ್ತು. ಕಾರಣ ಈ ಸೀಮೆಯ ಜ್ವರ. ಆಶ್ಚರ್ಯದ ಮಾತೆಂದರೆ, ನಾವು ಬಸ್ಸಿನಿಂದ ನೋಡಿ ಹಿಗ್ಗುವ ಆ ತಿಳಿನೀರಿನ ಹಳ್ಳಗಳೇ ಜ್ವರದ ಮೂಲವಾಗಿದ್ದವು. ಸೊಳ್ಳೆ ಎಂದರೆ ಚರಂಡಿ, ಕೊಚ್ಚೆ ಎಂದು ಪಾಠ ಓದಿದ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಮಲೆನಾಡಿನ ಮಲೇರಿಯಾವನ್ನು ಹೊತ್ತು ತಿರುಗಿದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹೆಸರಿನಲ್ಲೇ ಹೊಳೆ ಇದೆ. ನಿಧಾನವಾಗಿ ಹರಿಯುವ ಚೊಕ್ಕ ನೀರಿನ ಅಂಚಿನಲ್ಲಿ, ಹುಲ್ಲಿನ ನೆರಳಿನಲ್ಲಿ ಅದು ಮೊಟ್ಟೆ ಇಡುತ್ತದೆ. ಆಷಾಢದ ಜಡಿಮಳೆಗೆ ಹಳ್ಳ ಕೆಂಪಾಗಿ ಉಕ್ಕಿದಾಗ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ತಗ್ಗಿ ನೀರು ತಿಳಿಯಾದಾಗ ಮತ್ತೆ ಅವುಗಳ ಕಾಲ. ಅಡಿಕೆ ತೋಟದ ಕಾಲುವೆ, ಗದ್ದೆಯ ಬದುವಿನ ಹರಿನೀರು, ಮನೆಯ ಹಿತ್ತಲಿನ ಅಬ್ಬಿ, ಯಾವುದಾದರೂ ಆದೀತು.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳನ್ನು ಈ ಸಲ ಜಲಪಾತಕ್ಕಾಗಲೀ ಕೋಟೆಗಾಗಲೀ ಸುತ್ತಲಿಲ್ಲ. ಮಗುವಿಗೆ ಬಂದ ಜ್ವರವೊಂದು ಮನೆಯ ಜಗುಲಿಯಿಂದ ಹೊರಟು ವೈದ್ಯರ ಮೇಜನ್ನು ಮುಟ್ಟಲು ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ನಡುವೆ ಅದನ್ನು ತಡೆದು ನಿಲ್ಲಿಸುವವು ಯಾವುವು ಎಂದು ತಿಳಿಯುವ ಆಸೆಯಿತ್ತು. ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದರೆ ಯಾರಾದರೂ ಕಿಲೋಮೀಟರಿನಲ್ಲಿ ಹೇಳುತ್ತಾರೆ. ದಿನಗಳಲ್ಲಿ ಹೇಳುವವರು ಕಡಿಮೆ.

ನೆಂಟರಂತೆ ಬರುತ್ತಿದ್ದ ಜ್ವರ

ತೀರ್ಥಹಳ್ಳಿ ಪೇಟೆಯಿಂದ ಒಳಗೆ, ಗುಡ್ಡದ ಬುಡದಲ್ಲಿ ಒಂದೇ ಒಂದು ಮನೆ. ಮಲೆನಾಡಿನ ರೀತಿಯೇ ಅದು. ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿದ ಊರು ಇಲ್ಲಿಲ್ಲ. ತೋಟ ಇದ್ದಲ್ಲಿ ಮನೆ, ಮನೆಯಿಂದ ಮನೆಗೆ ಕೂಗಳತೆಯೋ ಅದಕ್ಕೂ ಹೆಚ್ಚೋ. ಅಂಗಳದಲ್ಲಿ ಅಡಿಕೆ ಹರವಿತ್ತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಕಾಗೆ ಕಾಯುತ್ತ ಕೂತಿದ್ದರು. ಜ್ವರದ ಮಾತೆತ್ತಿದ್ದೇ ತಡ, ನಕ್ಕರು. “ನಮ್ ಕಾಲ್ದಾಗೆ ಜ್ವರ ಅಂದ್ರೆ ನೆಂಟ್ರು ಇದ್ದಂಗೆ ಮಾರಾಯ್ರೆ. ಬರ್ತಿತ್ತು, ಎಂಟ್ ದಿನ ಇರ್ತಿತ್ತು, ಹೋಗ್ತಿತ್ತು” ಎಂದರು. ಆಮೇಲೆ ತುಸು ಸುಮ್ಮನಿದ್ದು, “ಮಕ್ಳನ್ನ ಮಾತ್ರ ಕರ್ಕಂಡೇ ಹೋಗ್ತಿತ್ತು” ಎಂದು ಸೇರಿಸಿದರು.

ಅಜ್ಜಿಯ ಈ ಎರಡು ಮಾತುಗಳಲ್ಲಿ ವೈದ್ಯಶಾಸ್ತ್ರದ ಒಂದು ದೊಡ್ಡ ಸಂಗತಿ ಅಡಗಿದೆ. ಮಲೇರಿಯಾ ತವರಾದ ಪ್ರದೇಶದಲ್ಲಿ ವರ್ಷವರ್ಷವೂ ಜ್ವರ ಬಿದ್ದು ಎದ್ದ ದೊಡ್ಡವರ ಮೈಗೆ ಒಂದಿಷ್ಟು ತಾಳಿಕೆ ಬಂದಿರುತ್ತದೆ. ನಡುಕ, ಬೆವರು, ಸುಸ್ತು ಎಲ್ಲ ಇದ್ದರೂ ಪ್ರಾಣಕ್ಕೆ ಬರುವುದು ಅಪರೂಪ. ಐದು ವರ್ಷದೊಳಗಿನ ಮಗುವಿಗೆ ಆ ತಾಳಿಕೆ ಇರುವುದಿಲ್ಲ. ಹೆಸರು ಒಂದೇ, ಜ್ವರವೂ ಒಂದೇ, ಅಪಾಯ ಮಾತ್ರ ಬೇರೆ. ಆದರೆ ಮನೆಯಲ್ಲಿ ತೀರ್ಮಾನ ಮಾಡುವವರು ದೊಡ್ಡವರು. ಅವರು ಅಳೆಯುವುದು ತಮ್ಮ ಮೈಯ ಅನುಭವದಿಂದ. ನಮಗೂ ಬಂದಿತ್ತು, ಬಿಟ್ಟಿತು, ಇದಕ್ಕೂ ಬಿಡುತ್ತದೆ. ಇಲ್ಲಿಗೆ ಮೊದಲ ಎರಡು ದಿನ ಕಳೆಯುತ್ತದೆ.

ಮತ್ತೊಂದು ತೊಡಕು ರೋಗಲಕ್ಷಣದ್ದು. ದೊಡ್ಡವರಿಗೆ ಚಳಿ ಹತ್ತಿ ಹಲ್ಲು ಕಟಕಟಿಸಿ, ಮೂರು ಕಂಬಳಿ ಹೊದ್ದರೂ ನಿಲ್ಲದ ನಡುಕ ಬಂದಾಗ ಇದು ಚಳಿಜ್ವರವೆಂದು ಯಾರಿಗೂ ಗೊತ್ತಾಗುತ್ತದೆ. ಕೂಸಿಗೆ ಹಾಗೆ ಆಗಲೇಬೇಕೆಂದಿಲ್ಲ. ವಾಂತಿ, ಭೇದಿ, ಕೆಮ್ಮು, ಮೊಲೆ ಹಿಡಿಯದೆ ಹಟ, ಇಷ್ಟೇ ಕಾಣಬಹುದು. ಹಲ್ಲು ಬರುವ ಜ್ವರ ಎನ್ನುತ್ತಾರೆ. ಜಂತುವಿನ ಉಪದ್ರ ಎನ್ನುತ್ತಾರೆ. ದೃಷ್ಟಿ ತಾಕಿದೆ ಎಂದು ಮೆಣಸು ಉಪ್ಪು ನಿವಾಳಿಸುತ್ತಾರೆ. ಇದನ್ನು ಕೇಳಿ ಪೇಟೆಯವರು ನಗುವುದುಂಟು. ನಗಬೇಕಾದ್ದೇನಿಲ್ಲ. ರಕ್ತ ಪರೀಕ್ಷೆಯಿಲ್ಲದೆ, ಬರಿಗಣ್ಣಿನಿಂದ ನೋಡಿ, ಕಲಿತ ವೈದ್ಯರೂ ಇವುಗಳನ್ನು ಬೇರೆಬೇರೆಯಾಗಿ ಗುರುತಿಸಲಾರರು.

ಇನ್ನು ಜ್ವರದ ನಡಿಗೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡಿದ್ದು ಇದೇ. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ದಿನ ಬಿಟ್ಟು ದಿನ ಬರುತ್ತದೆ. ರೋಗಾಣುಗಳು ರಕ್ತದ ಕೆಂಪುಕಣದೊಳಗೆ ಬೆಳೆದು, ಸುಮಾರು 48 ಗಂಟೆಗೊಮ್ಮೆ ಕಣಗಳನ್ನು ಒಡೆದು ಒಟ್ಟಿಗೇ ಹೊರಬೀಳುತ್ತವೆ. ಆಗ ಜ್ವರ ಏರುತ್ತದೆ. ನಡುವಿನ ದಿನ ಮೈ ತಣ್ಣಗೆ. ಮೊದಲ ದಿನ ಮಗು ಕೆಂಡವಾಗಿ ಮಲಗುತ್ತದೆ. ತಾಯಿ ಜೀರಿಗೆ ಕೊತ್ತಂಬರಿ ಕಷಾಯವನ್ನೋ ಅಮೃತಬಳ್ಳಿಯ ರಸವನ್ನೋ ಕೊಡುತ್ತಾಳೆ. ಮರುದಿನ ಮಗು ಎದ್ದು ಅಂಗಳದಲ್ಲಿ ಆಡುತ್ತದೆ. ಕಷಾಯ ಹಿಡಿಯಿತು ಎಂದಾಯಿತು. ಮೂರನೆಯ ದಿನ ಮತ್ತೆ ಜ್ವರ. ಚೌಡಿಗೋ ಭೂತರಾಯನಿಗೋ ಒಂದು ಕಾಣಿಕೆ ಕಟ್ಟಿಡುತ್ತಾರೆ. ನಾಲ್ಕನೆಯ ದಿನ ಜ್ವರ ಇಲ್ಲ. ಹರಕೆ ಮುಟ್ಟಿತು ಎಂದಾಯಿತು. ಜ್ವರ ಬಿಟ್ಟ ಪ್ರತಿಯೊಂದು ದಿನವೂ ಹಿಂದಿನ ದಿನ ಮಾಡಿದ ಕೆಲಸ ಸರಿಯೆಂದು ಸಾಕ್ಷಿ ಹೇಳುತ್ತದೆ. ಹೀಗೆ ವಾರ ಕಳೆಯುವಾಗ ಮಗುವಿನ ಕಣ್ಣಿನ ಕೆಳಗಿನ ರೆಪ್ಪೆ ಬಿಳಿಚಿಕೊಂಡಿರುತ್ತದೆ.

ಹಳೆಯ ಮಲೆನಾಡಿನಲ್ಲಿ ಇದು ವಾರದ ಮಾತಾಗಿರದೆ ವರ್ಷಗಳ ಮಾತಾಗಿತ್ತು. ಎಡಗಡೆಯ ಪಕ್ಕೆಲುಬಿನ ಕೆಳಗೆ ಗುಲ್ಮ ಊದಿ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಜನ ಅದನ್ನು ಜ್ವರಗಡ್ಡೆ ಎನ್ನುತ್ತಿದ್ದರು. ಸಣಕಲು ಕೈಕಾಲು, ಗುಡಾಣದಂಥ ಹೊಟ್ಟೆ, ಮಕ್ಕಳು ಇರುವುದೇ ಹಾಗೆ ಎಂದುಕೊಳ್ಳುವಷ್ಟು ಅದು ಸಾಮಾನ್ಯವಾಗಿತ್ತು. ಎಲ್ಲರ ಮನೆಯ ಮಕ್ಕಳೂ ಹಾಗೇ ಇದ್ದಾಗ ರೋಗವೆಂದು ಯಾರಿಗೆ ತೋಚಬೇಕು?

ಫಾಲ್ಸಿಪೇರಂ ಎಂಬ ಇನ್ನೊಂದು ಜಾತಿ ಇಷ್ಟು ಸಮಯವನ್ನೂ ಕೊಡುವುದಿಲ್ಲ. ಎಳೆಯ ಮಗುವಿನಲ್ಲಿ ಒಂದೆರಡು ದಿನದೊಳಗೆ ಅದು ಮಿದುಳಿಗೆ ಏರಬಹುದು. ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಟೆಯುತ್ತದೆ. ಹಳ್ಳಿಯಲ್ಲಿ ಇದಕ್ಕೆ ಬಾಲಗ್ರಹ ಎಂದು ಹೆಸರು. ಗ್ರಹವೆಂದ ಮೇಲೆ ನೋಟ ಕೇಳಿಸುವುದು, ನೂಲು ಕಟ್ಟಿಸುವುದು ಮೊದಲು, ಬಸ್ಸು ಹಿಡಿಯುವುದು ಆಮೇಲೆ. ಅತಿ ಜರೂರಾಗಿ ಹೊರಡಬೇಕಾದ ಹೊತ್ತಿನಲ್ಲೇ ಮಗು ಇನ್ನೊಂದು ದಾರಿಗೆ ತಿರುಗುತ್ತಿತ್ತು.

ನಗರದ ಕಲ್ಲುಗಳು

ತೀರ್ಥಹಳ್ಳಿಯಿಂದ ಕವಲೇದುರ್ಗದ ಕಡೆ ಹೊರಳಿ, ಯಡೂರು, ಮಾಸ್ತಿಕಟ್ಟೆಯ ಮಳೆಕಾಡನ್ನು ಹಾದು ನಗರಕ್ಕೆ ಬಂದೆ. ಹೆಸರು ನಗರ, ಊರು ಚಿಕ್ಕದು. ಕೆಳದಿಯ ಅರಸರು ಇಕ್ಕೇರಿಯಿಂದ ರಾಜಧಾನಿಯನ್ನು ತಂದು ಇಟ್ಟ ಬಿದನೂರು ಇದೇ. ಆಗ ಮನೆಗಳ ಲೆಕ್ಕ ಲಕ್ಷ ಮುಟ್ಟಿತ್ತೆಂದು ಪ್ರತೀತಿ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರನಗರವೆಂದು ಕರೆದ. ಕೋಟೆಯ ಬಾಗಿಲು, ದೇವಗಂಗೆಯ ಕೊಳಗಳು ಇವತ್ತಿಗೂ ಇವೆ. ಕಾಡಿನೊಳಗೆ ನಡೆದರೆ ಮನೆಗಳ ಪಂಚಾಂಗದ ಕಲ್ಲು ಕಾಲಿಗೆ ತಾಗುತ್ತದೆ.

ನಗರ ಹಾಳಾದದ್ದು ಜ್ವರದಿಂದಲೇ ಎಂದು ಹೇಳುವುದು ಸುಲಭ. ಅದು ಪೂರ್ತಿ ಸರಿಯಲ್ಲ. ಅರಸೊತ್ತಿಗೆ ಹೋಯಿತು, ಯುದ್ಧ ಬಂತು, ವ್ಯಾಪಾರ ಬೇರೆ ದಾರಿ ಹಿಡಿಯಿತು. ಆದರೆ ಜನ ತೆಳುವಾದ ಊರಿನಲ್ಲಿ ಕಾಲುವೆ ಕೆರೆಗಳು ಹೂಳು ತುಂಬಿ, ಗದ್ದೆ ಪಾಳು ಬಿದ್ದು, ಮಲೇರಿಯಾಕ್ಕೆ ಅನುಕೂಲವಾಯಿತು. ಜ್ವರದಿಂದ ಜನ ಇನ್ನೂ ಕಡಿಮೆಯಾದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತಾಲ್ಲೂಕು ಕಚೇರಿಯೇ ಇಲ್ಲಿಂದ ಕಲ್ಲೂರುಕಟ್ಟೆಗೆ ಹೋಯಿತು. ಆ ಕಲ್ಲೂರುಕಟ್ಟೆಯೇ ಇಂದಿನ ಹೊಸನಗರ. ಮಲೆನಾಡು ಬರಿದಾಗುತ್ತಿರುವುದು ಮೈಸೂರು ಸರ್ಕಾರಕ್ಕೂ ಚಿಂತೆಯ ವಿಷಯವಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912-18ರ ಅವಧಿಯಲ್ಲಿ ಮಲೆನಾಡಿನ ಸುಧಾರಣೆಗೆಂದೇ ಒಂದು ಯೋಜನೆ ನಡೆಯಿತು. 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯಾ ಅಧ್ಯಯನ ಆರಂಭವಾದಾಗ ಮಲೆನಾಡಿನ ಮೂಡಿಗೆರೆಯಲ್ಲೂ ಒಂದು ಕೇಂದ್ರ ಬಂತು.

ಆಗ ಇದ್ದ ಮದ್ದು ಕ್ವಿನೈನ್ ಒಂದೇ. ಅದರ ಕಹಿಯನ್ನು ಬಲ್ಲವರೇ ಬಲ್ಲರು. ಬಂಗಾಳದಲ್ಲಿ 1892ರಿಂದಲೇ ಅಂಚೆ ಕಚೇರಿಗಳಲ್ಲಿ ಅದರ ಸಣ್ಣ ಪೊಟ್ಟಣಗಳನ್ನು ಕಾಸಿಗೆ ಮಾರುತ್ತಿದ್ದರು. ಮದ್ದು ಸಿಕ್ಕಿದರೂ ಮಗುವಿನ ಬಾಯಿಗೆ ಹಾಕಿ ಅದು ಉಗುಳದಂತೆ ಮಾಡುವುದು ಬೇರೆಯೇ ಸಾಹಸ. ಕಹಿ ಔಷಧಿ ಕೊಡಲು ಮನಸ್ಸಾಗದೆ ನಾಳೆ ನೋಡೋಣ ಎಂದು ಮುಂದೂಡಿದ ತಾಯಂದಿರು ಎಷ್ಟು ಮಂದಿಯೋ.

ಈ ಸೀಮೆಯ ಮುಖ ಬದಲಿಸಿದ್ದು ಡಿಡಿಟಿ. ಪಕ್ಕದ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಯೂ ಧಾರವಾಡದಲ್ಲಿಯೂ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳ್ತನದಲ್ಲಿ 1946ರಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಸಿಂಪಡಿಸುವ ಕೆಲಸ ಶುರುವಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂದು ಅಂದಾಜು. 1965ರ ಸುಮಾರಿಗೆ ಅದು ಒಂದು ಲಕ್ಷ ರೋಗಿಗಳಿಗೆ ಇಳಿಯಿತು. ಇನ್ನೇನು ಮುಗಿಯಿತು ಎನ್ನುವಾಗ ಹಿಮ್ಮರಳಿ, 1976ರಲ್ಲಿ 64 ಲಕ್ಷ ಮುಟ್ಟಿತು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತ್ತು, ಆಡಳಿತ ಮೈಮರೆತಿತ್ತು.

ಹೊಸನಗರದ ಬಳಿ ಸಿಕ್ಕ ನಿವೃತ್ತ ಆರೋಗ್ಯ ಸಹಾಯಕರೊಬ್ಬರು ಆ ದಿನಗಳನ್ನು ನೆನೆದರು. ಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಚೌಕ ಬರೆದು ಭೇಟಿಯ ತಾರೀಖು ಹಾಕುವುದು, ಜ್ವರ ಇದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಳ್ಳುವುದು, ಒಂದು ಸಲಕ್ಕೆ ಆಗುವಷ್ಟು ಕ್ಲೋರೋಕ್ವಿನ್ ನುಂಗಿಸಿ ಮುಂದಿನ ಮನೆಗೆ ಹೋಗುವುದು. ಗಾಜಿನ ಪಟ್ಟಿ ಪ್ರಯೋಗಶಾಲೆಗೆ ಹೋಗಿ ವರದಿ ಬರುವಾಗ ವಾರಗಟ್ಟಲೆ ಆಗುತ್ತಿದ್ದುದುಂಟು. ಪೂರ್ತಿ ಮದ್ದು ತೆಗೆದುಕೊಂಡು ಮತ್ತೆ ಗುಡ್ಡ ಹತ್ತಿದರೆ ಮನೆಯವರು, “ಜ್ವರ ಹೋಗಿ ಹತ್ತು ದಿನ ಆಯ್ತಲ್ರೀ, ಈಗ್ಯಾಕೆ ಮಾತ್ರೆ?” ಎನ್ನುತ್ತಿದ್ದರಂತೆ. ವೈವಾಕ್ಸ್ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕುಳಿತು ತಿಂಗಳುಗಳ ಮೇಲೆ ಮತ್ತೆ ಹೊರಡುತ್ತದೆ. ಅದನ್ನು ಅಲ್ಲಿಂದ ಎಬ್ಬಿಸಲು ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಬೇಕು. ಹಸುಗೂಸಿಗೂ ಬಸುರಿಗೂ ಅದನ್ನು ಕೊಡುವಂತಿಲ್ಲ. ಮೈ ತಣ್ಣಗಿರುವಾಗ ಎರಡು ವಾರ ಮದ್ದು ನುಂಗುವ ಶಿಸ್ತು ನಮ್ಮಲ್ಲಿ ಯಾರಿಗಿದೆ? ತಡವೆನ್ನುವುದು ಆಸ್ಪತ್ರೆಗೆ ಹೋಗುವ ಮೊದಲು ಮಾತ್ರ ಆಗುವುದೆಂದು ನಾವು ತಿಳಿಯುತ್ತೇವೆ. ಹೋಗಿ ಬಂದ ಮೇಲೂ ಆಗುತ್ತದೆ.

ಹೊರಡುವ ತೀರ್ಮಾನ

ಇವರ ಜೊತೆ ಮಾತಾಡುತ್ತ ಇನ್ನೊಂದು ವಿಷಯ ಹೊಳೆಯಿತು. ಮಗುವನ್ನು ಕರೆದೊಯ್ಯಬೇಕೆಂದು ತಾಯಿಗೆ ಮೊದಲ ದಿನವೇ ಅನ್ನಿಸಿರುತ್ತದೆ. ಆದರೆ ಅನ್ನಿಸುವುದಕ್ಕೂ ಹೊರಡುವುದಕ್ಕೂ ನಡುವೆ ಬಹಳ ಜನ ನಿಂತಿರುತ್ತಾರೆ. ಯಜಮಾನರನ್ನು ಕೇಳಬೇಕು, ಅತ್ತೆಯನ್ನು ಒಪ್ಪಿಸಬೇಕು. ಗಂಡ ಕೊನೆಕೊಯ್ಲಿಗೆಂದು ಬೇರೆ ಊರಿನ ತೋಟಕ್ಕೆ ಹೋಗಿದ್ದರೆ ಅವನು ಬರುವವರೆಗೆ ಕಾಯಬೇಕು. ನಟ್ಟಿಯ ಹೊತ್ತಿನಲ್ಲಿ ಒಂದು ದಿನ ಗದ್ದೆಗೆ ಇಳಿಯದಿದ್ದರೆ ಆ ದಿನದ ಕೂಲಿ ಹೋಯಿತು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕೀತು. ಜೀಪಿನ ಬಾಡಿಗೆ ಪುಕ್ಕಟೆಯಲ್ಲ, ಜೊತೆಗೆ ಹೋದವರ ಕೂಲಿಯೂ ಅಲ್ಲ. ಮನೆಯಲ್ಲಿ ಇನ್ನೆರಡು ಸಣ್ಣ ಮಕ್ಕಳಿದ್ದರೆ ಅವನ್ನು ಯಾರ ಕೈಗೆ ಒಪ್ಪಿಸುವುದು? ಕೊಟ್ಟಿಗೆಯಲ್ಲಿ ಹಾಲು ಕರೆಯುವ ಎಮ್ಮೆ ಕಟ್ಟಿದ್ದರೆ?

ಹೀಗಾಗಿ ಮೊದಲ ಪ್ರಯಾಣ ಆಸ್ಪತ್ರೆಗಲ್ಲ, ಹತ್ತಿರದ ಕೈಮರದ ಅಂಗಡಿಗೆ. ಅಲ್ಲಿ ಜ್ವರದ ಮಾತ್ರೆ ಸಿಗುತ್ತದೆ. ಪ್ಯಾರಾಸಿಟಮಾಲ್ ಮಾತ್ರೆಗೆ ಯಾವ ಜ್ವರವೂ ನಾಲ್ಕಾರು ಗಂಟೆ ಇಳಿಯುತ್ತದೆ. ಜ್ವರ ಬಿಟ್ಟಿತು ಎಂಬ ಭ್ರಮೆಗೆ ಈಗ ದಿನಗಟ್ಟಲೆ ಕಾಯಬೇಕಾಗಿಲ್ಲ, ಎರಡು ರೂಪಾಯಿಗೆ ಸಿಗುತ್ತದೆ.

ಕಲಿಯದವರಾದ್ದರಿಂದ ತಡಮಾಡುತ್ತಾರೆ ಎಂಬ ಮಾತು ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಈ ಜಿಲ್ಲೆಯ ಜನ ಅಕ್ಷರ ಬಲ್ಲವರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನಾಟಕಶಾಲೆ ಕಟ್ಟಿದ ಸೀಮೆ ಇದು. ತಡವಾಗುವುದು ಒಂದೊಂದೇ ಸಣ್ಣ ನಿರ್ಧಾರದಿಂದ, ಮತ್ತು ಆ ಒಂದೊಂದು ನಿರ್ಧಾರವೂ ಆ ಹೊತ್ತಿಗೆ ಸರಿಯಾಗಿಯೇ ಕಾಣುತ್ತದೆ.

ಸಾಗರದ ಇನ್ನೊಂದು ಜ್ವರ

ಬಟ್ಟೆಮಲ್ಲಪ್ಪದ ಮಾರ್ಗವಾಗಿ ಸಾಗರಕ್ಕೆ ಬಂದರೆ ಜ್ವರದ ಮಾತು ತಾನಾಗಿಯೇ ಬೇರೆ ಕಡೆ ಹೊರಳುತ್ತದೆ. ಇಲ್ಲಿ ಮಲೇರಿಯಾ ಎಂದರೆ ಹಳೆಯ ಕಥೆ. ಜನ ಹೆದರುವುದು ಮಂಗನ ಕಾಯಿಲೆಗೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಜನ ಜ್ವರ ಹಿಡಿದು ಮಲಗಿದರು. ಆಫ್ರಿಕದ ಹಳದಿ ಜ್ವರವೇ ಇಲ್ಲಿಗೆ ಬಂದಿರಬಹುದೆಂದು ಮೊದಲು ಅನುಮಾನವಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರು ಬಂದು ಇದು ಹೊಸದೊಂದು ವೈರಸ್ ಎಂದು ಕಂಡುಕೊಂಡರು. ಕಾಡಿನ ಉಣುಗುಗಳು ಅದನ್ನು ಮಂಗಕ್ಕೂ ಮನುಷ್ಯನಿಗೂ ದಾಟಿಸುತ್ತವೆ. ಸಾಗರದಲ್ಲೇ ಆ ಸಂಶೋಧನೆಯ ಕ್ಷೇತ್ರಕೇಂದ್ರವಿತ್ತು. ಕ್ಯಾಸನೂರು ಎಂಬ ಹೆಸರು ಪ್ರಪಂಚದ ವೈದ್ಯ ಪುಸ್ತಕಗಳಲ್ಲೆಲ್ಲ ಸೇರಿಹೋಯಿತು. ಊರಿಗೆ ಅಂಥ ಕೀರ್ತಿ ಬೇಕಿರಲಿಲ್ಲ.

ಮಲೇರಿಯಾದ ಲೇಖನದಲ್ಲಿ ಇದೇಕೆ ಎಂದು ನೀವು ಕೇಳಬಹುದು. ಈ ಎರಡು ಜ್ವರಗಳ ನಡುವೆ ಸಂಬಂಧವೇ ಇಲ್ಲ. ಒಂದು ಸೊಳ್ಳೆಯದು, ಒಂದು ಉಣುಗಿನದು. ಒಂದಕ್ಕೆ ಗುಣವಾಗುವ ಮದ್ದಿದೆ, ಇನ್ನೊಂದಕ್ಕೆ ನೇರ ಮದ್ದಿಲ್ಲ. ಆದರೆ ಮೋಸ ಮಾಡುವ ರೀತಿ ಎರಡರದ್ದೂ ಒಂದೇ. ಮಂಗನ ಕಾಯಿಲೆಯಲ್ಲಿ ಹಠಾತ್ತನೆ ಜ್ವರ, ತಲೆ ಸಿಡಿತ, ಮೈ ನೋವು ಬಂದು ವಾರವೋ ಹತ್ತು ದಿನವೋ ಇದ್ದು ಇಳಿಯುತ್ತದೆ. ಗುಣವಾಯಿತೆಂದು ಎದ್ದು ಕೆಲಸಕ್ಕೆ ಹೋಗುತ್ತಾರೆ. ಒಂದೆರಡು ವಾರದ ಮೇಲೆ ನೂರರಲ್ಲಿ ಹತ್ತಿಪ್ಪತ್ತು ಜನಕ್ಕೆ ಜ್ವರ ಮರಳುತ್ತದೆ, ಈ ಸಲ ನರಮಂಡಲವನ್ನು ಹಿಡಿದುಕೊಂಡು. ರೋಗ ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇಲ್ಲೂ ಜ್ವರ ಬಿಟ್ಟ ದಿನಗಳನ್ನು ನಂಬುವಂತಿಲ್ಲ.

2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಈ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಇದು ಹಬ್ಬಿ ಹಲವರನ್ನು ಬಲಿ ತೆಗೆದುಕೊಂಡಿತು. ಕಾರ್ಗಲ್ಲಿನ ಆಚೆ, ಶರಾವತಿ ಕಣಿವೆಯ ಅಂಚಿನ ಊರು ಅದು. ಎಷ್ಟೋ ಮಂದಿಯನ್ನು ದೂರದ ಮಣಿಪಾಲದವರೆಗೆ ಸಾಗಿಸಿದರು. ಡಿಸೆಂಬರಿನಿಂದ ಮೇವರೆಗಿನ ಕಾಲ ಕಾಡಿನ ದರಗು ಗುಡಿಸುವ ಕಾಲ, ಸೊಪ್ಪು ಸೌದೆ ತರುವ ಕಾಲ, ದನದ ಹಿಂದೆ ಮಕ್ಕಳು ಕಾಡಿಗೆ ಹೋಗುವ ಕಾಲ. ಉಣುಗಿನ ಮರಿಗಳು ತರಗೆಲೆಯಲ್ಲಿ ಕಾದಿರುವುದೂ ಆಗಲೇ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ ಎಂದು ಇಲಾಖೆ ಹೇಳುತ್ತಿರುತ್ತದೆ. 1990ರಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಗಿದೆ. ರೋಗ ಪತ್ತೆಗೆ ಶಿವಮೊಗ್ಗೆಯಲ್ಲಿ ಪ್ರಯೋಗಶಾಲೆ ಇದೆ. ರಕ್ತ ಅಲ್ಲಿಗೆ ತಲುಪಬೇಕಾದರೆ ಮೊದಲು ಯಾರಾದರೂ ಇದು ಮಾಮೂಲಿ ಜ್ವರವಲ್ಲ ಎಂದು ಅನುಮಾನಿಸಬೇಕು.

ಮಲೇರಿಯಾದ ವಿಷಯದಲ್ಲಿ ಇವತ್ತಿನ ತೊಡಕು ಇದೇ. ಈ ಮೂರು ತಾಲ್ಲೂಕುಗಳಲ್ಲಿ ರೋಗ ಅಪರೂಪವಾಗಿದೆ. ಅಪರೂಪವಾದ್ದರಿಂದ ನೆನಪಾಗುವುದಿಲ್ಲ. ಹೊರ ರಾಜ್ಯಗಳಿಂದ ಕಟ್ಟಡದ ಕೆಲಸಕ್ಕೂ ತೋಟದ ಕೆಲಸಕ್ಕೂ ಬರುವವರ ಜೊತೆ ರೋಗಾಣು ಬರಬಹುದು. ಕುಟುಂಬದೊಂದಿಗೆ ಬಂದವರ ಮಕ್ಕಳು ಶೆಡ್ಡುಗಳಲ್ಲಿ, ಸೊಳ್ಳೆಪರದೆ ಇಲ್ಲದೆ ಮಲಗುತ್ತಾರೆ. ಭಾಷೆ ಬಾರದ ಆ ತಾಯಿ ಯಾವ ಆಶಾ ಕಾರ್ಯಕರ್ತೆಯನ್ನು ಗುರುತಿಸಿಯಾಳು? ಹಳೆಯ ತಡದ ಕಾರಣಗಳೆಲ್ಲ ಅವಳ ಬಾಗಿಲಲ್ಲಿ ಹೊಸದಾಗಿ ಬಂದು ನಿಂತಿವೆ.

ಹೊರ ಪ್ರಪಂಚದಲ್ಲಿ ಈ ರೋಗ ಇನ್ನೂ ಹಳೆಯ ಕಥೆಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ ಸತ್ತವರು 5,97,000. ಬಹುಪಾಲು ಆಫ್ರಿಕದವರು, ಅಲ್ಲಿ ಸತ್ತ ನಾಲ್ವರಲ್ಲಿ ಮೂವರು ಐದು ವರ್ಷದೊಳಗಿನ ಮಕ್ಕಳು. 2000ನೇ ಇಸವಿಯಲ್ಲಿ ನೈಜೀರಿಯದ ಅಬುಜಾದಲ್ಲಿ ಸೇರಿದ ಆಫ್ರಿಕದ ನಾಯಕರು ಲಕ್ಷಣ ಕಾಣಿಸಿಕೊಂಡ 24 ಗಂಟೆಯೊಳಗೆ ಚಿಕಿತ್ಸೆ ಸಿಗಬೇಕು, 2005ರೊಳಗೆ ನೂರಕ್ಕೆ ಅರವತ್ತು ರೋಗಿಗಳನ್ನಾದರೂ ಹೀಗೆ ಮುಟ್ಟಬೇಕು ಎಂದು ಗುರಿ ಹಾಕಿಕೊಂಡಿದ್ದರು. ಅಲ್ಲಿಯ ಹಳ್ಳಿಯ ತಾಯಿಯನ್ನು ಕೇಳಿದರೆ ನಮ್ಮ ಅಜ್ಜಿ ಹೇಳಿದ ಮಾತನ್ನೇ ಇನ್ನೊಂದು ಭಾಷೆಯಲ್ಲಿ ಹೇಳಿಯಾಳು. ಅಲ್ಲಿನ ಮಕ್ಕಳಿಗೆ ಈಗ ಕೊಡುತ್ತಿರುವ ಎರಡು ಮಲೇರಿಯಾ ಲಸಿಕೆಗಳಲ್ಲಿ ಒಂದು ನಮ್ಮ ಪುಣೆಯ ಸೀರಂ ಸಂಸ್ಥೆಯಲ್ಲಿ ತಯಾರಾಗುತ್ತದೆ.

24 ಗಂಟೆ ಎಂಬ ಲೆಕ್ಕವನ್ನು ನಮ್ಮ ಓದುಗ ತಂದೆತಾಯಿಗಳೂ ಇಟ್ಟುಕೊಳ್ಳಬಹುದು. ಸಣ್ಣ ಮಗುವಿಗೆ ಜ್ವರ ಬಂದರೆ ಒಂದು ದಿನದೊಳಗೆ ತೋರಿಸಿ. ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಎಬ್ಬಿಸಿದರೂ ಏಳದಂತೆ ಮಂಪರು ಇದ್ದರೆ, ಮೈ ಸೆಟೆದರೆ, ಉಸಿರಾಟ ಜೋರಾದರೆ ಆ ಒಂದು ದಿನವನ್ನೂ ಕಾಯುವಂತಿಲ್ಲ. ರಾತ್ರಿಯೇ ಆಗಲಿ ಹೊರಡಬೇಕು. ಜ್ವರಕ್ಕೆಂದು ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಮಗು ಇತ್ತೀಚೆಗೆ ಮಂಗಳೂರಿನಂಥ ಮಲೇರಿಯಾ ಇರುವ ಊರಿಗೆ ಹೋಗಿ ಬಂದಿದ್ದರೆ, ಮನೆಯ ಹತ್ತಿರ ಮಂಗ ಸತ್ತಿದ್ದರೆ, ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಬೇಕು. ಮಲೇರಿಯಾ ಪರೀಕ್ಷೆಗೆ ಈಗ ಗಾಜಿನ ಪಟ್ಟಿ ಊರೂರು ಅಲೆಯಬೇಕಾಗಿಲ್ಲ. ಬೆರಳ ತುದಿಯ ಒಂದು ಹನಿ ರಕ್ತ, ಒಂದು ಪ್ಲಾಸ್ಟಿಕ್ ಪಟ್ಟಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಉತ್ತರ. ಕಷಾಯ ಕೊಟ್ಟುಕೊಂಡೇ ಬನ್ನಿ, ಯಾರೂ ಬೇಡವೆನ್ನುವುದಿಲ್ಲ. ಹರಕೆಯ ಕಾಣಿಕೆಯನ್ನು ಕಟ್ಟಿಟ್ಟೇ ಹೊರಡಿ.

ಕೊನೆಯ ದಿನ ಸಾಗರದಿಂದ ಹೊಳೆಬಾಗಿಲಿನ ಕಡೆ ಹೋದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ಶರಾವತಿ ಹರಡಿಕೊಂಡು, ತುಮರಿಯ ಕಡೆಯ ಹಳ್ಳಿಗಳು ಸಾಗರಕ್ಕೆ ಕಣ್ಣೆದುರಿಗಿದ್ದೂ ಕೈಗೆ ಸಿಗದಂತಾದವು. ದಾಟಲು ಲಾಂಚು. ಕತ್ತಲಾದ ಮೇಲೆ ಅದರ ಓಡಾಟ ಇರುತ್ತಿರಲಿಲ್ಲ. ರಾತ್ರಿ ಮಗುವಿಗೆ ಜ್ವರ ಏರಿದರೆ ಬೆಳಗಾಗುವುದನ್ನು ಕಾಯಬೇಕು, ಇಲ್ಲವೆ ನಿಟ್ಟೂರು, ನಗರ, ಹೊಸನಗರ ಎಂದು ಕಾಡಿನ ಬಳಸುದಾರಿ ಹಿಡಿಯಬೇಕು. ಅರುವತ್ತು ವರ್ಷ ಹೀಗೇ ನಡೆಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗುವವರು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತುಮರಿಯ ಕಡೆಯ ತಾಯಂದಿರಿಗೆ ಅದು ರಾತ್ರಿಯಲ್ಲೂ 108 ಆಂಬುಲೆನ್ಸು ಬರುವ ದಾರಿ.

ಸೇತುವೆ ಇಳಿದು ಆಚೆಯ ಹಳ್ಳಿಗಳ ಒಳದಾರಿ ಹಿಡಿದರೆ ಟಾರು ಮುಗಿಯುತ್ತದೆ, ಜಲ್ಲಿ ಮುಗಿಯುತ್ತದೆ, ಆಮೇಲೆ ಕಾಲುದಾರಿ. ಹಳ್ಳವೊಂದಕ್ಕೆ ಅಡಿಕೆ ಮರದ ಎರಡು ದಬ್ಬೆ ಹಾಕಿ ಬಳ್ಳಿಯಿಂದ ಬಿಗಿದ ಸಂಕ ಇತ್ತು. ಆಚೆ ದಡದಲ್ಲಿ ಮನೆ. ಮಳೆಗಾಲದಲ್ಲಿ ನೀರು ಸಂಕದ ಮೇಲೆ ಹರಿಯುತ್ತದೆ, ಆಗ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ದಾಟಿಸುತ್ತೇವೆ ಎಂದರು ಮನೆಯವರು.